ಗುರುವಾರದ ಬಾಬ್ತು

ಲೊರೆಟ್ಟಾ ವಿಸ್ನೆವ್ಸ್ಕಿ ಬಟ್ಟೆ ಒಗೆಯುವ ಯಂತ್ರದ ಮೇಲೆ
ಚಿಲ್ಲರೆ ಹರವಿಕೊಂಡು ಎಣಿಸುತ್ತಾಳೆ.
ಯಂತ್ರ ನಡುಗಿದರೆ ನಾಣ್ಯಗಳೂ ನಡುಗುತ್ತವೆ,
ಎಣಿಕೆ ತಪ್ಪುತ್ತದೆ. ಮತ್ತೆ ಒಂದರಿಂದ.
ಹೊರಗೆ ಟೊಲಿಡೊ. ಸರೋವರದ ಕಡೆಯ ಗಾಳಿ
ನವೆಂಬರಿನಲ್ಲೇ ಹಲ್ಲು ಮಸೆಯುತ್ತಿದೆ.
ನಾನು ರಸೀದಿ ಬರೆಯುವವಳು, ಪಕ್ಕದ ಸ್ಟೂಲಿನ ಮೇಲೆ.

ಸೇಬಿನ ಕೇಕು, ನಲವತ್ತೊಂದು ಡಾಲರು.
ಕಾರು ತೊಳೆದದ್ದು, ತೊಂಬತ್ತು. ಅದರಲ್ಲಿ ಆರು
ಶಾಲೆ ಗುಡಿಸುವ ಹಾಲಿಸ್‌ನದು,
ಅವನಿಗೆ ಕಾರೇ ಇಲ್ಲ.
ಡಬ್ಬಿಯ ತಳದಲ್ಲಿ ಕೆನಡಾದ ನಾಣ್ಯ ಮೂರು,
ಯಾರದೋ ಕೋಟಿನ ಗುಂಡಿ.
ಲೊರೆಟ್ಟಾ ಅದನ್ನು ಎಸೆಯಲಿಲ್ಲ.
‘ಇತರೆ’ಯ ಕೆಳಗೆ ಬರೆಸಿದಳು:
ಗುಂಡಿ, ಒಂದು, ಕಂದು.

ವರ್ಷವಿಡೀ ಹೀಗೆ ಕೂಡಿಸಿದರೆ
ಲೈಬ್ರರಿಯ ಮಿಸ್ ಟಬ್ಸ್‌ಗೆ ವಾರದಲ್ಲಿ ಎರಡು ದಿನ.
ಮಂಗಳವಾರ, ಬುಧವಾರ ನಮ್ಮವು.
ಉಳಿದ ಮೂರು ಇಲಾಖೆಯವು.
ಹಾಗಂತ ಮಾತಾಗಿತ್ತು, ಕೈಕುಲುಕಿ,
ಬಾಯ್ಲರು ಕೆಟ್ಟ ಕೋಣೆಯಲ್ಲಿ, ಕೈಗವಸು ತೆಗೆಯದೆ.

ನದಿಯಾಚೆಯ ದಿಬ್ಬದ ಶಾಲೆಯಲ್ಲಿ ಒಂದೇ ರಾತ್ರಿಯ ಹರಾಜು.
ತೆಳು ಕಾಲಿನ ಲೋಟ, ಪಿಟೀಲು ನುಡಿಸುವ ಇಬ್ಬರು.
‘ಒಂದು ದಿನದ ಹೆಡ್‌ಮಾಸ್ತರಿಕೆ’ಯನ್ನು
ಎರಡನೇ ಕ್ಲಾಸಿನವನೊಬ್ಬನ ಅಪ್ಪ ನಾಲ್ಕು ಸಾವಿರಕ್ಕೆ ಕೂಗಿದ.
ಹುಡುಗ ಆ ದಿನ ಊಟದ ಬಿಡುವನ್ನು
ಎರಡು ಗಂಟೆ ಮಾಡಿದನಂತೆ.
ಒಳ್ಳೆಯ ಆಡಳಿತ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಮಾರ್ಚಿಯಲ್ಲಿ ಕಾಗದ ಬಂತು.
‘ಪಾಲಕರ ಉತ್ಸಾಹ ಶ್ಲಾಘನೀಯ.
ಲೈಬ್ರರಿಯ ಹೊಣೆ ಹೊರಲು ಸಮುದಾಯ
ಶಕ್ತವೆಂದು ಸಾಬೀತಾಗಿರುವುದರಿಂದ...’
ಮುಂದಿನದನ್ನು ಓದದೆಯೂ ತಿಳಿಯಬಹುದು.
ಹನಿ ಹನಿ ಗೂಡಿದರೆ ಹಳ್ಳ, ನಿಜ.
ಹಳ್ಳದಲ್ಲಿ ನೀರು ಕಂಡದ್ದೇ
ಮೇಲಿನವರು ತೂಬು ಇಳಿಸಿದರು.

ಲೊರೆಟ್ಟಾ ಅಳಲಿಲ್ಲ. ಬೆಣ್ಣೆ ಕರಗಿಸಿದಳು.
ಮಂಡಳಿಯ ಸಭೆಗೆ ಮೂರು ಕೇಕು ಹೊತ್ತೆವು,
ಬಾಗಿಲ ಬಳಿ ಮೇಜು ಹಾಕಿದೆವು, ಚೀಟಿ ಅಂಟಿಸಿದೆವು:
ಸೋಮವಾರ, ನೂರ ಎಂಬತ್ತಾರು ಡಾಲರು.
ಗುರುವಾರ, ಅಷ್ಟೇ.
ಶುಕ್ರವಾರ, ಅಷ್ಟೇ. ಬಾದಾಮಿ ಇದೆ.

ಒಳಗೆ ಫುಟ್‌ಬಾಲ್ ಮೈದಾನದ ಹೊಸ ಸ್ಕೋರ್‌ಬೋರ್ಡು
ಮೂರು ನಿಮಿಷದಲ್ಲಿ ಮಂಜೂರಾಯಿತು.
ಹಳೆಯದರಲ್ಲಿ ಎಂಟು ಸರಿಯಾಗಿ ಹೊತ್ತುತ್ತಿರಲಿಲ್ಲ, ಪಾಪ,
ಮೂರರಂತೆ ಕಾಣುತ್ತಿತ್ತು.

ಹೊರಬಂದ ಸದಸ್ಯರೊಬ್ಬರು ಚೀಟಿ ಓದಿ ನಕ್ಕರು.
ನಗೆ ಕೆಟ್ಟದೇನಲ್ಲ, ದಣಿದಿದ್ದರು.
ಗುರುವಾರದಿಂದ ಒಂದು ತುಂಡು ಕೇಳಿದರು,
ಎರಡು ಡಾಲರು ಕೊಟ್ಟರು.
ಲೊರೆಟ್ಟಾ ನನ್ನ ಕಡೆ ತಿರುಗಿದಳು: ‘ರಸೀದಿ.’
ಬರೆದೆ: ಗುರುವಾರದ ಬಾಬ್ತು,
ನಾಲ್ಕೂವರೆ ನಿಮಿಷ, ಸಂದಾಯ.
ಅವರು ಅದನ್ನು ಮಡಿಸಿ ಜೇಬಿಗಿಟ್ಟುಕೊಂಡರು.
ಓದಿದರೋ ಇಲ್ಲವೋ. ಕೇಕು ಚೆನ್ನಾಗಿದೆ ಅಂದರು.
ಚೆನ್ನಾಗಿಯೇ ಇತ್ತು.

ಈಗ ಸೆಪ್ಟೆಂಬರು. ಮೂರನೇ ಕ್ಲಾಸಿನ ನೂರ್ ಸಲ್ಲೂಮ್
ಎಂಟು ಕಾಲಿನ ಕಡಲಜೀವಿಯ ಪುಸ್ತಕ ಹಿಡಿದು
ಬೀಗ ಹಾಕಿದ ಬಾಗಿಲ ಮುಂದೆ ನಿಂತಿದ್ದಾಳೆ.
ಹಳೆಯ ಮುದ್ರೆ ಹೇಳುತ್ತದೆ: ಗುರುವಾರದೊಳಗೆ ಮರಳಿಸಿ.
ಇವತ್ತು ಗುರುವಾರ.
ಬಾಗಿಲಡಿಯ ಸಂದಿಗೆ ತೂರಿಸಿದಳು.
ಅರ್ಧ ಹೋಯಿತು.
ಇನ್ನರ್ಧ ಹೋಗಲಿಲ್ಲ, ಬೆನ್ನು ದಪ್ಪ.
ಗಂಟೆ ಬಾರಿಸಿತು, ಓಡಿದಳು.

ಸಂಜೆ ಹಾಲಿಸ್ ಪೊರಕೆ ಹಿಡಿದು ಬಂದ,
ಬೀಗದ ಗೊಂಚಲು ಸೊಂಟದಲ್ಲಿ ಗಲಗಲ.
ಪುಸ್ತಕ ಕಂಡು ನಿಂತ.
ಸ್ವಲ್ಪ ಹೊತ್ತು ನಿಂತೇ ಇದ್ದ.
ಆಮೇಲೆ ಅದನ್ನು ಮುಟ್ಟದೆ
ಸುತ್ತಲೂ ಗುಡಿಸಿದ.